ಜಪಾನಿಗೆ ಕಾವಲು ಹೋದ ನಮ್ಮವರು

ಯುದ್ಧ ಮುಗಿದ ಮೇಲೆ ಸೈನಿಕರು ಏನು ಮಾಡುತ್ತಾರೆ? ಹತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳನ್ನು ಕೇಳಿದೆ. "ಇನ್ನೆಂತ ಅಜ್ಜ, ಮನೆಗೆ ಹೋಗ್ತಾರೆ" ಎಂದಳು. ಅವಳ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಎರಡನೆಯ ಮಹಾಯುದ್ಧ 1945ಕ್ಕೆ ಮುಗಿಯುತ್ತದೆ. ಆಮೇಲೆ ಪ್ರಶ್ನೋತ್ತರ.

ಆದರೆ ಯುದ್ಧ ಮುಗಿದ ಕೂಡಲೇ ಎಲ್ಲರೂ ಮನೆಗೆ ಹೋಗಲಿಲ್ಲ ಮಕ್ಕಳೇ. ಸೋತ ದೇಶದಲ್ಲಿ ಲಕ್ಷಾಂತರ ಬಂದೂಕು, ಮದ್ದುಗುಂಡು ಹಾಗೆಯೇ ಬಿದ್ದಿರುತ್ತದೆ. ದೂರದ ದೇಶಗಳಲ್ಲಿ ಸಿಕ್ಕಿಕೊಂಡ ಅದರ ಸೈನಿಕರು ಹಡಗು ಹತ್ತಿ ಹಿಂತಿರುಗುತ್ತಿರುತ್ತಾರೆ. ಊಟಕ್ಕಿಲ್ಲದ ಜನ ದಂಗೆ ಎದ್ದರೆ ಎಂಬ ಭಯ ಬೇರೆ. ಆದ್ದರಿಂದ ಗೆದ್ದವರು ಅಲ್ಲಿಗೆ ತಮ್ಮ ಸೈನ್ಯವನ್ನು ಕಳುಹಿಸಿ ಕೆಲವು ವರ್ಷ ಕೂರಿಸುತ್ತಾರೆ. ಅದನ್ನು ಸ್ವಾಧೀನ ಸೇನೆ ಎನ್ನುತ್ತಾರೆ. ಅಂಥ ಒಂದು ಸೇನೆಯಲ್ಲಿ, 1946 ಮತ್ತು 1947ರಲ್ಲಿ, ಜಪಾನಿನ ನೆಲದ ಮೇಲೆ ನಮ್ಮ ದೇಶದ ಸುಮಾರು ಹತ್ತು ಸಾವಿರ ಮಂದಿ ಇದ್ದರು. ಅವರ ಒಂದು ಬ್ರಿಗೇಡಿನ ಮುಖ್ಯಸ್ಥರು ಮಡಿಕೇರಿಯವರು. ಒಂದು ಪಲ್ಟನ್ನಿನ ತವರು ಬೆಳಗಾವಿ. ಒಬ್ಬ ಗುಮಾಸ್ತರ ಮನೆ ನಮ್ಮ ಬಿಕರ್ನಕಟ್ಟೆಯಲ್ಲಿ, ನನ್ನ ಮನೆಯಿಂದ ಎರಡು ಕಾಂಪೌಂಡು ಆಚೆ.

ನಾನು ಇತಿಹಾಸ ಓದಿದವನಲ್ಲ. ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಗುಮಾಸ್ತನಾಗಿದ್ದವನು. ಆ ಮೂವತ್ತೇಳರಲ್ಲಿ ಐದು ವರ್ಷ ಬೆಳಗಾವಿಯ ಶಾಖೆಯೊಂದರಲ್ಲಿ ಪಿಂಚಣಿ ಕೌಂಟರಿನಲ್ಲಿ ಕುಳಿತಿದ್ದೆ. ಬೆಳಗಾವಿ ಎಂದರೆ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ; ಸುತ್ತಲಿನ ಹಳ್ಳಿಗಳಲ್ಲಿ ಮನೆಗೊಬ್ಬ ಸೈನಿಕ. ನವೆಂಬರ್ ಬಂದರೆ 'ನಾನು ಬದುಕಿದ್ದೇನೆ' ಎಂದು ಸಹಿ ಹಾಕಿ ಲೈಫ್ ಸರ್ಟಿಫಿಕೇಟ್ ಕೊಡಲು ಅವರೆಲ್ಲ ಸಾಲು ನಿಲ್ಲುತ್ತಿದ್ದರು. ಬದುಕಿದ್ದೇನೆ ಎನ್ನುವುದಕ್ಕೆ ಕಾಗದ ಬೇಕೆಂಬುದು ಅವರಿಗೆ ದೊಡ್ಡ ತಮಾಷೆ. ಸಾಲು ಉದ್ದವಾದಷ್ಟೂ ಮಾತು ಬೆಳೆಯುತ್ತಿತ್ತು.

ಅವರಲ್ಲಿ ಒಬ್ಬರು ನಿವೃತ್ತ ಹವಾಲ್ದಾರರು. ಕೆಂಪು ಪಟಕಾ, ಮೊಣಕೈವರೆಗಿನ ಅಂಗಿ, ಕೈಯಲ್ಲಿ ಕೊಡೆ. ಇಟಲಿಯಲ್ಲಿ ಕಾದಿದ ಪಲ್ಟನ್ನು ಅವರದು. ತಮ್ಮ ಪಲ್ಟನ್ನಿನ ನಾಮದೇವ ಜಾಧವರಿಗೆ 1945ರಲ್ಲಿ ವಿಕ್ಟೋರಿಯಾ ಕ್ರಾಸ್ ಬಂದದ್ದನ್ನು ನನಗೆ ಹತ್ತು ಸಲವಾದರೂ ಹೇಳಿದ್ದರು. ಆ ಕತೆಯನ್ನು ಎಲ್ಲರೂ ನಂಬುತ್ತಿದ್ದರು. ಎರಡನೆಯ ಕತೆ ತೆಗೆದರೆ ಮಾತ್ರ ಸಾಲಿನಲ್ಲಿದ್ದವರು ನಗಲು ಶುರು.

"ಇಟಲಿ ಆದ ಮ್ಯಾಲೆ ನಮ್ಮನ್ನ ಜಪಾನಕ್ಕ ಒಯ್ದ್ರು ಸಾಹೇಬ್ರ. ಅಲ್ಲಿ ರಾಜಾನ ಅರಮನಿ ಬಾಗಲಾ ಕಾದೇವ್ರಿ ನಾವು."

"ಅಜ್ಜಾರ, ರಾಜನ್ನ ನೋಡಿದ್ರೇನು?" ಎಂದು ನಾನು ಕೇಳಿದ್ದೆ.

"ಇಲ್ರಿ. ಬಾಗಲಾ ನೋಡೇನಿ."

ಮತ್ತೊಮ್ಮೆ ಗುಲ್ಲೋ ಗುಲ್ಲು. ಸೂರ್ಯವಂಶದವನೆಂದು ಜನ ಪೂಜಿಸುತ್ತಿದ್ದ ಜಪಾನಿನ ಚಕ್ರವರ್ತಿಯ ಅರಮನೆಗೆ ಬೆಳಗಾವಿಯ ರೈತನ ಮಗ ಕಾವಲೇ! ಅವರ ಮಗನೂ ಒಮ್ಮೆ ಜೊತೆಗೆ ಬಂದವನು ನನ್ನ ಕಡೆ ಕಣ್ಣು ಮಿಟುಕಿಸಿ, "ಅಪ್ಪಂದು ಬರೇ ಪುರಾಣ್ರಿ, ನೀವ್ ನಿಮ್ ಕೆಲಸ ಮಾಡ್ರಿ" ಎಂದ. ಅಜ್ಜ ಏನೂ ಹೇಳಲಿಲ್ಲ. ಹಣ ಎಣಿಸಿ, ಪಾಸ್‌ಬುಕ್ಕು ಜೇಬಿಗಿಟ್ಟು ಹೊರಟರು. ಆ ಮೌನ ನನಗೆ ಬಹಳ ಕಾಲ ನೆನಪಿತ್ತು.

ನನಗೆ ವರ್ಗವಾಯಿತು, ಮತ್ತೆ ಮತ್ತೆ ಊರು ಬದಲಾಯಿತು. 2010ರಲ್ಲಿ ನಿವೃತ್ತನಾಗಿ ಬಿಕರ್ನಕಟ್ಟೆಯ ಮನೆಗೆ ಬಂದು ಕುಳಿತೆ. ಮೂಡುಬಿದಿರೆ ರಸ್ತೆಯ ಗದ್ದಲ, ಬಾಲಯೇಸುವಿನ ಪುಣ್ಯಕ್ಷೇತ್ರದ ಗಂಟೆ, ಮಧ್ಯಾಹ್ನ ಒಂದಿಷ್ಟು ನಿದ್ದೆ. ಹೀಗೆ ದಿನ ಹೋಗುತ್ತಿದ್ದಾಗ ನೆರೆಯ ಬಾಯಿಯವರು ಮನೆಯ ಹಂಚು ತೆಗೆದು ತಾರಸಿ ಹಾಕಿಸುವ ಕೆಲಸಕ್ಕೆ ಕೈಹಾಕಿದರು. ಅಟ್ಟದಿಂದ ಕಬ್ಬಿಣದ ಟ್ರಂಕೊಂದು ಇಳಿಯಿತು. ಗುಜರಿಯವನು ತಕ್ಕಡಿ ಹಿಡಿದು ಗೇಟಿನ ಬಳಿ ನಿಂತಿದ್ದ. "ರಾಯರೇ, ನಿಮಗೆ ಹಳೆ ಕಾಗದ ಅಂದ್ರೆ ಇಷ್ಟ ಅಲ್ವಾ, ಒಮ್ಮೆ ನೋಡಿ ಹೋಗಿ" ಎಂದು ಬಾಯಿ ಕರೆದರು.

ಟ್ರಂಕಿನ ಮೇಲೆ ಅವರ ತಂದೆಯ ಹೆಸರು, ಸೇನಾ ಸಂಖ್ಯೆ. ಒಳಗೆ ನಾಫ್ತಲಿನ್ ಗುಳಿಗೆಯ ವಾಸನೆ, ಉಣ್ಣೆಯ ಕೋಟು, ಗೆದ್ದಲು ತಿಂದ ಪೇ ಬುಕ್, ಒಂದು ಪಾಕೆಟ್ ಡೈರಿ, ಒಂದು ಗುಂಪು ಚಿತ್ರ, ಮೂಗಿನ ತುದಿ ಒಡೆದ ಒಂದು ಜಪಾನಿ ಗೊಂಬೆ. ಡೈರಿಯ ಲಕೋಟೆಯಲ್ಲಿ ಮಡಚಿಟ್ಟ ಹತ್ತು ಯೆನ್ನಿನ ನೋಟು.

ಬಾಯಿಗೆ ಆಗಲೇ ಎಂಬತ್ತು ಸಮೀಪಿಸಿತ್ತು. ಗೊಂಬೆಯನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತರು. "ಪಪ್ಪ ಮಿಲಿಟ್ರಿಗೆ ಹೋಗುವಾಗ ನನಗೆ ನಾಲ್ಕು ವರ್ಷ. ಬರುವಾಗ ಒಂಬತ್ತು. ನನಗೆ ಗುರ್ತವೇ ಸಿಕ್ಕಲಿಲ್ಲ ಮಾರಾಯ್ರೆ. ಯಾರೋ ಗಂಡಸು ಬಂದಿದ್ದಾನೆ ಅಂತ ಅಜ್ಜಿಯ ಸೆರಗಿನ ಹಿಂದೆ ಅಡಗಿದೆ. ಪಪ್ಪ ಮಾತಾಡಿಸ್ಲಿಲ್ಲ, ಈ ಗೊಂಬೆ ನೆಲದಲ್ಲಿ ಇಟ್ಟು ಬಾವಿ ಕಟ್ಟೆ ಹತ್ರ ಹೋಗಿ ನಿಂತ್ರು." ಜಪಾನಿನ ಬಗ್ಗೆ ತಂದೆ ಏನು ಹೇಳುತ್ತಿದ್ದರು ಎಂದು ಕೇಳಿದೆ. "ಎಂತ ಹೇಳ್ಲಿಕ್ಕೆ? ಅಲ್ಲಿ ಕ್ಲಾರ್ಕ್ ಆಗಿದ್ದೆ ಅಂತ. ಅಷ್ಟೇ."

ಗುಜರಿಯವನನ್ನು ಬರಿಗೈಯಲ್ಲಿ ಕಳುಹಿಸಿದೆವು.

ಗುಂಪು ಚಿತ್ರದ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ 'ಮಾತ್ಸುಯೆ, 1946' ಎಂದಿತ್ತು. ಎಲ್ಲಿಯದು ಈ ಮಾತ್ಸುಯೆ? ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿ ಭೂಪಟ ತೋರಿಸಿದಳು. ಜಪಾನಿನ ಪಶ್ಚಿಮ ಭಾಗದಲ್ಲಿ, ಕೊರಿಯಾಕ್ಕೆ ಮುಖ ಮಾಡಿದ ಕರಾವಳಿಯಲ್ಲಿ ಶಿಮಾನೆ ಎಂಬ ಪ್ರಾಂತ. ಅದರ ಮುಖ್ಯ ಪಟ್ಟಣ ಮಾತ್ಸುಯೆ. ಅಲ್ಲಿಂದ ನನ್ನ ಹುಡುಕಾಟ ಶುರುವಾಯಿತು.

ಬ್ಯಾಂಕಿನಲ್ಲಿ ನಮಗೆ ಮೊದಲು ಕಲಿಸುವ ಪಾಠ, ವೋಚರ್ ಇಲ್ಲದೆ ಲೆಡ್ಜರಿಗೆ ಎಂಟ್ರಿ ಇಲ್ಲ ಎಂಬುದು. ನೆನಪು ಎನ್ನುವುದು ಎಂಟ್ರಿ. ಅದಕ್ಕೆ ವೋಚರ್ ಎಲ್ಲಿಯದು? ಭಾಗ್ಯಕ್ಕೆ ಇದಕ್ಕೊಂದು ಪುಸ್ತಕವೇ ಇದೆ. ಸ್ವಾತಂತ್ರ್ಯದ ನಂತರ ಭಾರತ ಮತ್ತು ಪಾಕಿಸ್ತಾನ ಎರಡೂ ದೇಶ ಜಂಟಿಯಾಗಿ ನಡೆಸಿದ ಒಂದು ವಿಭಾಗ ಎರಡನೆಯ ಮಹಾಯುದ್ಧದ ಭಾರತೀಯ ಸೇನೆಯ ಅಧಿಕೃತ ಇತಿಹಾಸವನ್ನು ಸಂಪುಟಗಳಾಗಿ ತಂದಿತು. ಕಾಶ್ಮೀರದ ಜಗಳದ ನಡುವೆಯೂ ಇದೊಂದು ಕೆಲಸ ಕೂಡಿ ಮಾಡಿದರು ಎನ್ನುವುದೇ ಸೋಜಿಗ. ಅದರಲ್ಲಿ ರಾಜೇಂದ್ರ ಸಿಂಗ್ ಬರೆದ, 1958ರಲ್ಲಿ ಬಂದ ಸಂಪುಟವೊಂದು ಪೂರ್ತಿಯಾಗಿ ಯುದ್ಧಾನಂತರದ ಸ್ವಾಧೀನ ಪಡೆಗಳ ಬಗ್ಗೆ, ಜಪಾನ್ ಮತ್ತು ಆಗ್ನೇಯ ಏಷ್ಯಾದ್ದು. ಅದರ ಜೊತೆಗೆ ಆಸ್ಟ್ರೇಲಿಯದ ಯುದ್ಧ ಸ್ಮಾರಕ ಸಂಗ್ರಹಾಲಯದವರು ಆ ಕಾಲದ ಛಾಯಾಚಿತ್ರಗಳನ್ನು ಎಲ್ಲರೂ ನೋಡುವಂತೆ ಇಟ್ಟಿದ್ದಾರೆ.

ತಿಳಿದದ್ದು ಇಷ್ಟು. ಜಪಾನ್ ಶರಣಾದ ಸುದ್ದಿಯನ್ನು ಅಲ್ಲಿನ ಚಕ್ರವರ್ತಿ ರೇಡಿಯೋದಲ್ಲಿ ಹೇಳಿದ್ದು 1945ರ ಆಗಸ್ಟ್ 15ರಂದು. ಹೌದು, ನಮ್ಮ ಸ್ವಾತಂತ್ರ್ಯ ದಿನಕ್ಕೆ ಸರಿಯಾಗಿ ಎರಡು ವರ್ಷ ಮೊದಲು. ಜಪಾನಿನ ಆಡಳಿತದ ಹಗ್ಗ ಅಮೆರಿಕದ ಜನರಲ್ ಮೆಕಾರ್ಥರ್ ಕೈಯಲ್ಲಿತ್ತು, ಅಮೆರಿಕನ್ ಸೈನಿಕರು ಲಕ್ಷಗಟ್ಟಲೆ ಬಂದಿದ್ದರು. 1946ರ ಆರಂಭದಲ್ಲಿ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ಭಾರತ ಸೇರಿದ ಕಾಮನ್‌ವೆಲ್ತ್ ಪಡೆಯೂ ಕುರೆ ಬಂದರಿಗೆ ಬಂದಿಳಿಯಿತು. ತುಂಬಿದಾಗ ಸುಮಾರು ನಲವತ್ತು ಸಾವಿರ ಮಂದಿ. ಬ್ರಿಟಿಷ್ ಮತ್ತು ಭಾರತೀಯ ತುಕಡಿಗಳನ್ನು ಸೇರಿಸಿ ಮಾಡಿದ ಡಿವಿಷನ್ನಿಗೆ 'ಬ್ರಿಂಡಿವ್' ಎಂದು ಹೆಸರು. ಅದರೊಳಗಿನ ಭಾರತೀಯ ಬ್ರಿಗೇಡು 268ನೆಯದು. ಅದರಲ್ಲಿ 1ನೇ ಪಂಜಾಬ್ ರೆಜಿಮೆಂಟಿನ ಐದನೆಯ ಬೆಟಾಲಿಯನ್, 5ನೇ ರಾಯಲ್ ಗೂರ್ಖಾ ರೈಫಲ್ಸಿನ ಎರಡನೆಯದು, ಮರಾಠಾ ಲೈಟ್ ಇನ್‌ಫೆಂಟ್ರಿಯ ಮೊದಲನೆಯದು. ಇದೇ ನಮ್ಮ ಹವಾಲ್ದಾರ್ ಅಜ್ಜನ ಪಲ್ಟನ್ನು, ಇಟಲಿಯಲ್ಲಿ ಕಾದಿ ಬಂದದ್ದು! ಡಿವಿಷನ್ನಿನ ಜೊತೆಗೆ 7ನೇ ಲೈಟ್ ಕ್ಯಾವಲ್ರಿಯೂ ಇತ್ತು.

ಬ್ರಿಗೇಡಿನ ಅಧಿಪತಿ ಬ್ರಿಗೇಡಿಯರ್ ಕೆ.ಎಸ್. ತಿಮ್ಮಯ್ಯ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿನಲ್ಲಿ ತರಬೇತಿ ಪಡೆದವರು. ಮುಂದೆ ಸ್ವತಂತ್ರ ಭಾರತದ ಭೂಸೇನೆಯ ಮುಖ್ಯಸ್ಥರಾದವರು. ಆ ಕಾಲದಲ್ಲಿ ಭಾರತೀಯನೊಬ್ಬನ ಕೈಗೆ ಬ್ರಿಗೇಡು ಕೊಡುವುದೇ ಅಪರೂಪ. ಅವರ ಮನೆಯ ಕತೆಯನ್ನೂ ಕೇಳಿ: ಅಣ್ಣ ಪೊನ್ನಪ್ಪ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿಗೆ ಸೇರಿ ಜಪಾನಿನ ಕಡೆ, ತಮ್ಮ ತಿಮ್ಮಯ್ಯ ಬ್ರಿಟಿಷರ ಸೇನೆಯಲ್ಲಿ ಬರ್ಮಾದಲ್ಲಿ ಜಪಾನಿನ ವಿರುದ್ಧ. ಒಂದೇ ತಾಯಿಯ ಮಕ್ಕಳು. ಯಾರು ಸರಿ ಎಂದು ಮೊಮ್ಮಗಳು ಕೇಳಿದಳು. ಇಬ್ಬರಿಗೂ ಬೇಕಿದ್ದದ್ದು ಒಂದೇ ಎಂದೆ. ಅವಳಿಗೆ ಅದು ಉತ್ತರ ಅನಿಸಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಸರಿ, ಅರಮನೆ ಕಾವಲು? ಟೋಕಿಯೋದ ಕಾವಲು ಕೆಲಸದಲ್ಲಿ ಕಾಮನ್‌ವೆಲ್ತ್ ಪಡೆಗೂ ಪಾಲಿತ್ತು. ಬ್ರಿಟಿಷ್, ಆಸ್ಟ್ರೇಲಿಯನ್, ನ್ಯೂಜಿಲೆಂಡ್, ಭಾರತೀಯ ಪಲ್ಟನ್ನುಗಳು ಸರದಿಯಂತೆ ಶಿಮಾನೆಯಂಥ ದೂರದ ಊರುಗಳಿಂದ ಟೋಕಿಯೋಗೆ ಹೋಗಿ ಚಕ್ರವರ್ತಿಯ ಅರಮನೆಯ ಬಾಗಿಲಲ್ಲಿ ನಿಂತು ಬರುತ್ತಿದ್ದವು. ಅಜ್ಜ ರಾಜನನ್ನು ನೋಡಲಿಲ್ಲ, ಬಾಗಿಲು ನೋಡಿದರು. ಹೇಳಿದ್ದೂ ಅಷ್ಟನ್ನೇ.

ತಿಲಕವಾಡಿಯಲ್ಲಿ ನೆಲೆಸಿರುವ ನನ್ನ ಹಳೆಯ ಸಹೋದ್ಯೋಗಿಗೆ ಫೋನು ಮಾಡಿ ವಿಷಯ ಹೇಳಿದೆ. ಹವಾಲ್ದಾರರು ತೀರಿಕೊಂಡು ಇಪ್ಪತ್ತು ವರ್ಷಕ್ಕೂ ಮಿಕ್ಕಿತ್ತು. ಮಿತ್ರರು ಸ್ಕೂಟರ್ ಹತ್ತಿ ಆ ಹಳ್ಳಿಗೆ ಹೋಗಿ, ಮೊಬೈಲಿನಲ್ಲಿ ಅರಮನೆ ಬಾಗಿಲಿನ ಭಾರತೀಯ ಕಾವಲುಗಾರರ ಚಿತ್ರವನ್ನು ಮಗನಿಗೆ ತೋರಿಸಿದರಂತೆ. ಆತನಿಗೂ ಈಗ ಎಪ್ಪತ್ತು. ಚಿತ್ರವನ್ನು ದೊಡ್ಡದು ಮಾಡಿ ಒಂದೊಂದೇ ಮುಖ ನೋಡಿದ, ಅಪ್ಪ ಅದರಲ್ಲಿ ಇರಲಿಲ್ಲ. "ಹಂಗಾದ್ರ ಅಪ್ಪ ಖರೇನ ಹೇಳ್ತಿದ್ದಾ" ಎಂದು ಹೇಳಿ ಒಳಗೆ ಹೋದವನು ಹತ್ತು ನಿಮಿಷ ಹೊರಗೆ ಬರಲಿಲ್ಲವಂತೆ. ಮಿತ್ರರಿಗೆ ಚಹಾ ತಂದುಕೊಟ್ಟದ್ದು ಸೊಸೆ.

ಇನ್ನು ಬಾಯಿಯ ತಂದೆಯ ಡೈರಿ. ಮಂಗಳೂರಿನ ಕ್ರಿಶ್ಚಿಯನ್ನರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರಲ್ಲ, ಹಾಗೆ ಬರೆದದ್ದು. ಬಾಯಿ ಓದುತ್ತಾ ಹೋದರು, ನಾನು ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಂಡೆ. ಹೆಚ್ಚಿನ ದಿನ ಎರಡೇ ಸಾಲು. ಹಿಮ ಬಿದ್ದಿದೆ, ಬೆರಳು ಬಗ್ಗುವುದಿಲ್ಲ, ರೇಷನ್ ಸ್ಟೇಟ್‌ಮೆಂಟ್ ತಡ. ಇವತ್ತು ಪೂಜೆಗೆ ಹೋಗಲಾಗಲಿಲ್ಲ. ಮನೆಯಿಂದ ಕಾಗದ ಇಲ್ಲ. ಮತ್ತೆ ಕಾಗದ ಇಲ್ಲ. ಹಿಟ್ಟಿನ ಮೂಟೆಯ ಲೆಕ್ಕ ತಾಳೆಯಾಗದೆ ರಾತ್ರಿ ಹನ್ನೊಂದರವರೆಗೆ ಕುಳಿತೆ. ಇದನ್ನು ಓದಿದಾಗ ನನಗೆ ಅವರು ಸೈನಿಕ ಅನ್ನಿಸಲಿಲ್ಲ, ನಮ್ಮ ಜಾತಿಯವರೇ ಅನ್ನಿಸಿತು. ಗುಮಾಸ್ತರ ಜಾತಿ.

1946ರ ಡಿಸೆಂಬರ್ 21ರ ಪುಟದಲ್ಲಿ ಮಾತ್ರ ನಾಲ್ಕು ಸಾಲು. ಬೆಳಗಿನ ಜಾವ ನೆಲ ನಡುಗಿತು, ಎಲ್ಲರೂ ಕಂಬಳಿ ಹೊದ್ದು ಹೊರಗೆ ಓಡಿದೆವು, ಟೈಪ್‌ರೈಟರ್ ಕೆಳಗೆ ಬಿದ್ದು ಒಂದು ಅಕ್ಷರ ಮುರಿಯಿತು. ಇದಕ್ಕೆ ವೋಚರ್ ಹುಡುಕುವುದು ಕಷ್ಟವಾಗಲಿಲ್ಲ. ಅದೇ ದಿನ ಬೆಳಗಿನ ಜಾವ ನಾಲ್ಕೂಕಾಲರ ಸುಮಾರಿಗೆ ಜಪಾನಿನ ನೈರುತ್ಯ ಭಾಗವನ್ನು ಅಲುಗಾಡಿಸಿದ ನಾನ್‌ಕಾಯ್ ಭೂಕಂಪ ಆಗಿದ್ದು. 1,300ಕ್ಕೂ ಹೆಚ್ಚು ಜನ ಸತ್ತರು. ದಿನಾಂಕ, ಹೊತ್ತು ಎರಡೂ ಟ್ಯಾಲಿ. ಸತ್ತು ಐವತ್ತು ವರ್ಷವಾದ ಮೇಲೂ ಲೆಕ್ಕ ತಾಳೆ ಹಾಕಿಕೊಟ್ಟ ಆ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಆ ಹತ್ತು ಯೆನ್ನಿನ ನೋಟಿನ ವಿಷಯವನ್ನು ಬ್ಯಾಂಕಿನವನಾಗಿ ನಾನು ಹೇಳಲೇಬೇಕು. ಅದರ ಮೇಲೆ ದೊಡ್ಡದಾಗಿ 'ಬಿ' ಅಕ್ಷರವಿದೆ. ಅದು ಜಪಾನ್ ಬ್ಯಾಂಕಿನ ನೋಟಲ್ಲ. ಗೆದ್ದವರ ಸೇನೆ ಅಚ್ಚು ಹಾಕಿಸಿ ಚಲಾವಣೆಗೆ ಬಿಟ್ಟ ಮಿಲಿಟರಿ ಯೆನ್. 1946ರ ಫೆಬ್ರವರಿಯಲ್ಲಿ ಜಪಾನ್ ಸರಕಾರ ಒಂದು ರಾತ್ರಿ ಇದ್ದಕ್ಕಿದ್ದಂತೆ ಜನರ ಠೇವಣಿಯನ್ನೆಲ್ಲ ಬಂಧಿಸಿ, ಹಳೆಯ ನೋಟು ರದ್ದು ಮಾಡಿ ಹೊಸ ಯೆನ್ ತಂದಿತು. ತಿಂಗಳಿಗೆ ಮನೆಯ ಯಜಮಾನನಿಗೆ 300 ಯೆನ್, ಉಳಿದವರಿಗೆ ತಲೆಗೆ 100 ಯೆನ್ ಮಾತ್ರ ತೆಗೆಯಬಹುದು. ಹೊಸ ನೋಟು ಸಾಕಷ್ಟು ಅಚ್ಚಾಗಿರಲಿಲ್ಲವಾದ್ದರಿಂದ ಹಳೆಯ ನೋಟಿಗೇ ಪುಟ್ಟ ಚೀಟಿ ಅಂಟಿಸಿ ಹೊಸದೆಂದು ಕೊಟ್ಟರು! ಅದಕ್ಕೆ ಒಂದು ತಿಂಗಳು ಮೊದಲು, ಜನವರಿಯಲ್ಲಿ, ಇಲ್ಲಿ ಬ್ರಿಟಿಷ್ ಸರಕಾರವೂ 500, 1,000 ಮತ್ತು 10,000 ರೂಪಾಯಿಯ ನೋಟು ರದ್ದು ಮಾಡಿತ್ತು. 1978ರ ರದ್ದತಿಯಲ್ಲಿ ನಾನು ಕೌಂಟರಿನ ಒಳಗಿದ್ದೆ, 2016ರಲ್ಲಿ ಹೊರಗಿನ ಸಾಲಿನಲ್ಲಿದ್ದೆ. ಮೆಕಾರ್ಥರ್ ಕಾಲದ ಜಪಾನಿ ಬ್ಯಾಂಕ್ ಗುಮಾಸ್ತನ ಪಾಡು ನನಗೆ ಯಾರೂ ವಿವರಿಸಬೇಕಾಗಿಲ್ಲ.

ಆ ವರ್ಷ ಜಪಾನಿನಲ್ಲಿ ಹಸಿವು ಎಂದರೆ ಹಸಿವು. ಊರೂರು ಸುಟ್ಟಿತ್ತು, ಬೆಳೆ ಕೈಕೊಟ್ಟಿತ್ತು, ಹೊರದೇಶಗಳಿಂದ ಲಕ್ಷಾಂತರ ಮಂದಿ ಬರಿಗೈಯಲ್ಲಿ ಹಿಂತಿರುಗಿದ್ದರು. ಜನರೊಡನೆ ಬೆರೆಯಬಾರದು, ಅವರ ಮನೆಯೊಳಗೆ ಹೋಗಬಾರದು ಎಂದು ಕಾಮನ್‌ವೆಲ್ತ್ ಪಡೆಗೆ ಕಟ್ಟುನಿಟ್ಟಿನ ಆದೇಶವಿತ್ತು. ಆದರೆ ಅಡುಗೆ ಮನೆಯ ಹಿಂದೆ ಡಬ್ಬ ಹಿಡಿದು ನಿಂತ ಮಕ್ಕಳಿಗೆ ಆದೇಶ ಗೊತ್ತಿರುತ್ತದೆಯೇ? ಹವಾಲ್ದಾರ್ ಅಜ್ಜ ಹೇಳಿದ್ದರು: "ಚಪಾತಿ ಉಳಿದ್ರ ಹುಗೀರಿ ಅಂತ ಹುಕುಂ ಇತ್ರಿ. ನಾವು ಹುಗೀತಿದ್ವಿ. ಖರೆ, ಹುಗಿಯೂಮಟಾ ಹುಡುಗೂರ ಕೈಯಾಗ ಇರ್ತಿತ್ತು." ಅದೇ ಸಾಲಿನಲ್ಲಿದ್ದ ಮತ್ತೊಬ್ಬರು ನಗುತ್ತಾ, ಕೆಲವರು ಸಿಗರೇಟು, ಸಕ್ಕರೆ, ಕಂಬಳಿಯನ್ನು ಕಾಳಸಂತೆಯಲ್ಲಿ ಮಾರಿ ದುಡ್ಡು ಮಾಡಿದ್ದನ್ನೂ ಹೇಳಿದರು. ಅದೂ ನಿಜವೇ, ಕಾಳಸಂತೆ ಕಾಮನ್‌ವೆಲ್ತ್ ಪಡೆಯ ಅಧಿಕಾರಿಗಳಿಗೆ ದೊಡ್ಡ ತಲೆನೋವಾಗಿತ್ತು. ನಮ್ಮವರೆಲ್ಲ ದೇವತೆಗಳು ಎಂದು ನಾನು ಬರೆಯುವುದಿಲ್ಲ.

ಕುರೆ ಬಂದರಿನಿಂದ ಹಿರೋಷಿಮಾಕ್ಕೆ ಸುಮಾರು 25 ಕಿಲೋಮೀಟರ್, ಮಂಗಳೂರಿನಿಂದ ಬಿ.ಸಿ. ರೋಡಿಗೆ ಇರುವಷ್ಟು. ಬಾಂಬು ಬಿದ್ದು ವರ್ಷವೂ ಆಗಿರಲಿಲ್ಲ. 1945ರ ಕೊನೆಯ ಹೊತ್ತಿಗೆ ಅಲ್ಲಿ ಸುಮಾರು 1,40,000 ಮಂದಿ ಸತ್ತಿದ್ದರೆಂಬ ಅಂದಾಜಿದೆ. ವಿಕಿರಣ ಎಂಬ ಮಾತನ್ನು ನಮ್ಮ ಸೈನಿಕರು ಕೇಳಿರಲೇ ಇಲ್ಲ. ಅಲ್ಲಿದ್ದ ಆಸ್ಟ್ರೇಲಿಯದ ಸೈನಿಕರು ಎಷ್ಟೋ ವರ್ಷಗಳ ನಂತರ ತಮ್ಮ ಆರೋಗ್ಯದ ಬಗ್ಗೆ ತಮ್ಮ ಸರಕಾರವನ್ನು ಪ್ರಶ್ನಿಸಿದರು. ಡೈರಿಯಲ್ಲಿ ಹಿರೋಷಿಮಾ ಒಮ್ಮೆ ಮಾತ್ರ ಬರುತ್ತದೆ. 'ರೈಲು ಹಿರೋಷಿಮಾದಲ್ಲಿ ನಿಂತಿತು. ಯಾರೂ ಮಾತಾಡಲಿಲ್ಲ. ಒಂದು ಮರ ಚಿಗುರಿತ್ತು.' ಇದನ್ನು ಓದಿ ಬಾಯಿ ಕನ್ನಡಕ ತೆಗೆದಿಟ್ಟರು. ಆ ದಿನ ಮುಂದೆ ಓದಲಿಲ್ಲ.

ಜಪಾನಿನ ಕತೆ ಹೇಳುವವರು ಸಿಕ್ಕಿದರು. ಜಾವಾದ ಕತೆ ಹೇಳುವವರು ಸಿಗಲಿಲ್ಲ. ಅದೂ ಅದೇ ಕಾಲದ್ದು. 1945ರಲ್ಲಿ ಜಪಾನ್ ಸೋತಾಗ ಇಂಡೋನೇಷ್ಯಾದವರು ತಮ್ಮ ಸ್ವಾತಂತ್ರ್ಯ ಘೋಷಿಸಿಕೊಂಡರು. ಹಳೆಯ ಒಡೆಯರಾದ ಡಚ್ಚರು ಹಿಂತಿರುಗಲು ಹವಣಿಸುತ್ತಿದ್ದರು. ಜಪಾನೀಯರ ಆಯುಧ ಇಳಿಸಿಕೊಂಡು ಸೆರೆಯಲ್ಲಿದ್ದವರನ್ನು ಬಿಡಿಸಲು ಬ್ರಿಟಿಷರು ಭಾರತೀಯ ಡಿವಿಷನ್ನುಗಳನ್ನು ಅಲ್ಲಿಗೆ ಕಳುಹಿಸಿದರು. ಸುರಬಾಯ ಎಂಬ ಬಂದರು ನಗರದಲ್ಲಿ ಇಳಿದ ಬ್ರಿಗೇಡಿನಲ್ಲಿ ಮರಾಠಾ ಪಲ್ಟನ್ನುಗಳಿದ್ದವು. ಅಕ್ಟೋಬರ್ ಕೊನೆಗೆ ಊರೇ ತಿರುಗಿಬಿತ್ತು. ಬ್ರಿಗೇಡಿಯರ್ ಮ್ಯಾಲಬಿ ಕೊಲೆಯಾದರು. ನವೆಂಬರ್ 10ರಿಂದ ಬ್ರಿಟಿಷರು ಹಡಗು, ವಿಮಾನಗಳಿಂದ ನಗರಕ್ಕೆ ಬಾಂಬು ಸುರಿದು ಬೀದಿ ಬೀದಿಯಲ್ಲಿ ಕಾದರು. ಇಂದಿಗೂ ಇಂಡೋನೇಷ್ಯಾದಲ್ಲಿ ನವೆಂಬರ್ 10 ವೀರರ ದಿನ. ನಮ್ಮವರು ಅಲ್ಲಿ, ತಮ್ಮಂತೆಯೇ ಸ್ವಾತಂತ್ರ್ಯ ಬೇಡುತ್ತಿದ್ದವರ ಎದುರು ಬಂದೂಕು ಹಿಡಿದಿದ್ದರು. ಜವಾಹರಲಾಲ್ ನೆಹರೂ ಇದನ್ನು ಬಹಿರಂಗವಾಗಿ ಖಂಡಿಸಿದರು. ಕೆಲವು ಭಾರತೀಯ ಸೈನಿಕರು ಪಡೆ ಬಿಟ್ಟು ಇಂಡೋನೇಷ್ಯಾದವರ ಕಡೆ ಸೇರಿದ್ದೂ ಉಂಟು.

ನನ್ನ ಕೌಂಟರಿಗೆ ಬರುತ್ತಿದ್ದವರಲ್ಲಿ ಎಡಗೈಯ ಎರಡು ಬೆರಳಿಲ್ಲದ ಒಬ್ಬರಿದ್ದರು. ಅವರು ಜಾವಾಕ್ಕೆ ಹೋಗಿದ್ದರೆಂದು ಬೇರೆಯವರು ಹೇಳಿದ್ದರು. ಒಮ್ಮೆ ಕೇಳಿಯೇಬಿಟ್ಟೆ. "ಅದ ಬ್ಯಾಡ್ರಿ ಸಾಹೇಬ್ರ" ಎಂದರು. ಕೋಪವಿರಲಿಲ್ಲ. ಆ ಮೇಲೆಯೂ ಪ್ರತಿ ತಿಂಗಳು ಬಂದರು, ಮಳೆ ಬೆಳೆ ಮಾತಾಡಿದರು. ನೆನಪುಗಳನ್ನು ಕೆದಕುವವರು ಇದನ್ನೂ ತಿಳಿದಿರಬೇಕು. ಕೆಲವು ಖಾತೆಗಳನ್ನು ಖಾತೆದಾರರೇ ಮುಚ್ಚಿರುತ್ತಾರೆ.

ಜಪಾನಿನಲ್ಲಿದ್ದ ಭಾರತೀಯ ಪಡೆ 1947ರೊಳಗೆ ಹಿಂತಿರುಗಿತು. ಹೋಗುವಾಗ ಒಂದೇ ದೇಶದ ಸೇನೆ, ಬರುವಾಗ ಎರಡು. 1ನೇ ಪಂಜಾಬ್ ರೆಜಿಮೆಂಟು ಪಾಕಿಸ್ತಾನದ ಪಾಲಾಯಿತು. ಮರಾಠಾ, ಗೂರ್ಖಾ, 7ನೇ ಲೈಟ್ ಕ್ಯಾವಲ್ರಿ ನಮ್ಮ ಪಾಲಿಗೆ. ಮಾತ್ಸುಯೆಯ ಹಿಮದಲ್ಲಿ ಒಂದೇ ಬ್ರಿಗೇಡಿನ ಚಿಹ್ನೆ ತೊಟ್ಟು ನಿಂತವರ ದೇಶಗಳು ವರ್ಷ ತುಂಬುವುದರೊಳಗೆ ಕಾಶ್ಮೀರದಲ್ಲಿ ಎದುರುಬದುರಾದವು. 1948ರ ನವೆಂಬರ್ 1ರಂದು, ಸಮುದ್ರಮಟ್ಟದಿಂದ 11,000 ಅಡಿಗೂ ಮೇಲಿರುವ ಜೋಜಿ ಲಾ ಕಣಿವೆ ದಾರಿಗೆ ಟ್ಯಾಂಕು ಹತ್ತಿಸಿ ಎಲ್ಲರನ್ನೂ ಬೆರಗುಗೊಳಿಸಿದ್ದು ತಿಮ್ಮಯ್ಯನವರೇ. ಆ ಟ್ಯಾಂಕುಗಳು ಯಾರವು? ಜಪಾನಿನಲ್ಲಿದ್ದ ಅದೇ 7ನೇ ಲೈಟ್ ಕ್ಯಾವಲ್ರಿಯವು.

ತಿಮ್ಮಯ್ಯನವರಿಗೆ ಪರದೇಶದ ಕಾವಲು ಕೆಲಸ ಅಲ್ಲಿಗೇ ಮುಗಿಯಲಿಲ್ಲ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ಊರಿಗೆ ಹೋಗಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸೆರೆಯಾಳುಗಳ ಹಣೆಬರಹ ನೋಡುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಕೊನೆಗೆ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗ 1965ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಶಾಲೆಯ ಪ್ರವಾಸದಲ್ಲಿ ರಾಜಾ ಸೀಟಿಗೆ ಹೋಗಿ ಜೋಳ ತಿಂದು ಬರುವ ಮಕ್ಕಳು ಅಲ್ಲಿಗೂ ಒಂದು ಗಂಟೆ ಹೋಗಿ ಬನ್ನಿ.

ಸೈನಿಕರು ಹಿಂತಿರುಗಿದ ಮೇಲೆ ನಮ್ಮ ಕಡೆಯಿಂದ ಜಪಾನಿಗೆ ಇನ್ನೊಬ್ಬಳು ಹೋದಳು. ಅವಳ ವಿಷಯ ಬಿಟ್ಟರೆ ಮಕ್ಕಳು ನನ್ನನ್ನು ಕ್ಷಮಿಸಲಾರರು. ಯುದ್ಧದ ಕಾಲದಲ್ಲಿ, 1943ರಲ್ಲಿ, ಟೋಕಿಯೋದ ಉಎನೋ ಮೃಗಾಲಯದ ಆನೆಗಳನ್ನು ಸರಕಾರದ ಆದೇಶದಂತೆ ಉಪವಾಸ ಕೆಡವಿ ಸಾಯಿಸಿದ್ದರು. ಯುದ್ಧ ಮುಗಿದ ಮೇಲೆ ಅಲ್ಲಿನ ಶಾಲಾ ಮಕ್ಕಳು ನಮಗೊಂದು ಆನೆ ಕಳುಹಿಸಿ ಎಂದು ನೆಹರೂ ಅವರಿಗೆ ಕಾಗದ ಬರೆದರು. 1949ರಲ್ಲಿ ನೆಹರೂ ಕಳುಹಿಸಿದ ಆನೆಗೆ ಮಗಳ ಹೆಸರೇ, ಇಂದಿರಾ. ಅವಳು ನಮ್ಮ ಮೈಸೂರು ಸೀಮೆಯವಳು! ಮಾವುತರು ಕನ್ನಡದಲ್ಲಿ ಪಳಗಿಸಿದ್ದರಿಂದ ಅವಳಿಗೆ ಜಪಾನಿ ಅರ್ಥವಾಗದು. ಮೃಗಾಲಯದ ಜಪಾನಿ ಕಾವಲುಗಾರರು ನಮ್ಮ ಮಾವುತರಿಂದ ಕನ್ನಡದ ಆಜ್ಞೆಗಳನ್ನು ಬಾಯಿಪಾಠ ಮಾಡಬೇಕಾಯಿತು. ಆಗಲೂ ಜಪಾನ್ ಸ್ವಾಧೀನದಲ್ಲೇ ಇತ್ತು. ಅದು ಮುಗಿದದ್ದು 1952ರ ಏಪ್ರಿಲಿನಲ್ಲಿ. ಇಂದಿರಾ 1983ರವರೆಗೆ ಬದುಕಿದ್ದಳು. ಗೆದ್ದವರ ಬಂದೂಕಿನ ಎದುರು ಸೊಲ್ಲೆತ್ತದ ಟೋಕಿಯೋದಲ್ಲಿ ಕನ್ನಡದ ಆಜ್ಞೆ ಕೇಳಿಸುತ್ತಿತ್ತು ಎಂದರೆ ಬಾಯಿಯೂ ನಂಬಲಿಲ್ಲ. ಆಮೇಲೆ, "ಅರಮನೆ ಕಾವಲಿನ ಹಾಗೆ ಇದೂ ನಿಜ ಇರ್ಲಿಕ್ಕೆ ಸಾಕು" ಎಂದರು.

ಅಟ್ಟದಲ್ಲಿ ಟ್ರಂಕಿರುವ ಮನೆಯವರಿಗೆ ಒಂದೆರಡು ಮಾತು. ಮಿಲಿಟರಿಯ ಡಿಸ್ಚಾರ್ಜ್ ಪುಸ್ತಕ ಸಿಕ್ಕಿದರೆ ಎಸೆಯಬೇಡಿ. ಪಲ್ಟನ್ನಿನ ಹೆಸರು, ಸಂಖ್ಯೆ, ಹೋದ ದೇಶಗಳು ಅದರಲ್ಲೇ ಇರುತ್ತವೆ, ಉಳಿದದ್ದಕ್ಕೆಲ್ಲ ಅದೇ ಬೀಗದ ಕೈ. ಚಿತ್ರಗಳನ್ನು ಗಮ್ ಹಾಕಿ ಅಂಟಿಸಬೇಡಿ, ಹಿಂಬದಿಯ ಬರಹ ಮುಂಬದಿಗಿಂತ ಬೆಲೆಯುಳ್ಳದ್ದು. ಅಜ್ಜ ಅಜ್ಜಿ ಹೇಳುವಾಗ ವರ್ಷ ಕೇಳಿ ಪೀಡಿಸಬೇಡಿ. ಚಳಿಯಿತ್ತೇ, ಏನು ತಿಂದಿರಿ, ಪಕ್ಕದಲ್ಲಿ ಯಾರು ಮಲಗುತ್ತಿದ್ದರು ಎಂದು ಕೇಳಿ. ವರ್ಷವನ್ನು ನಾವು ಆಮೇಲೆ ಹುಡುಕಿಕೊಳ್ಳಬಹುದು.

ಬಾಯಿಯ ಮನೆಯ ಆ ಗುಂಪು ಚಿತ್ರದಲ್ಲಿ ಹದಿನಾಲ್ಕು ಮಂದಿ ಇದ್ದಾರೆ, ಎರಡು ಸಾಲು. ಹಿಂದೆ ಮರದ ಕಟ್ಟಡ, ಕಿಟಕಿಯ ಮೇಲೆ ಹಿಮ. ಎಲ್ಲರೂ ಉಣ್ಣೆಯ ಕೋಟಿನಲ್ಲಿ, ಒಬ್ಬರ ಕೈಯಲ್ಲಿ ಬೆಕ್ಕಿನ ಮರಿ. ಹಿಂಬದಿಯಲ್ಲಿ ಐದು ಹೆಸರು ಮಾತ್ರ ಓದಲು ಬರುತ್ತವೆ, ಉಳಿದ ಜಾಗವನ್ನು ಗೆದ್ದಲು ತಿಂದಿದೆ. ಬೆಕ್ಕಿನ ಮರಿ ಹಿಡಿದವರ ಹೆಸರು ಆ ಐದರಲ್ಲಿ ಇಲ್ಲ. ಇಂಥದೇ ಚಿತ್ರ ನಿಮ್ಮ ಮನೆಯ ಗೋಡೆಯ ಮೇಲೋ ಟ್ರಂಕಿನಲ್ಲೋ ಇದ್ದರೆ ಸಂಪಾದಕರ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಬಾಯಿಗೆ ಈಗ ಎಂಬತ್ತಾರು. ಅಂಚೆಯವನ ಬೈಕಿನ ಸದ್ದು ಕೇಳಿದರೆ ಗೇಟಿನವರೆಗೆ ಬರುತ್ತಾರೆ.